ಋಣಮುಕ್ತಿಗೆ ಮುಂಗಡ

"ಸಾಲ ಪೂರ್ತಿ ಮನ್ನಾ ಸಾರ್, ಸರ್ಟಿಫಿಕೇಟೇ ಕೊಡ್ತೀವಿ. ಮೊದಲು ಲೀಗಲ್ ಫೀ ಹದಿನೈದು ಸಾವಿರ ಹಾಕಿ." "ಅಷ್ಟಿದ್ದಿದ್ರೆ ಕಂತೇ ಕಟ್ತಿದ್ದೆನಲ್ಲಪ್ಪಾ?" "ಕಂತಾ? ಇವತ್ತೇ ನಿಲ್ಸಿ. ಬ್ಯಾಂಕಿನವರ ಫೋನೂ ಎತ್ತಬೇಡಿ." ಠಕ್ಕನನ್ನು ಗುರುತಿಸಲು ಇಷ್ಟು ಮಾತು ಸಾಕು. ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವರದ್ದು. ನಡುವೆ ನಿಂತವನ ಸರ್ಟಿಫಿಕೇಟಿಗೆ ಉಂಡೆದ್ದ ಎಲೆಯ ಬೆಲೆಯೂ ಇಲ್ಲ, ಎಲೆಯನ್ನಾದರೂ ದನ ಮೂಸುತ್ತದೆ. ಇಂಥ 'ಸಾಲಮನ್ನಾ ಪ್ರಮಾಣಪತ್ರ'ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 11ರಂದೇ ಎಚ್ಚರಿಸಿದೆ. ಇನ್ನು ಕಂತು ನಿಲ್ಲಿಸಿದರೆ ನಿಲ್ಲುವುದು ಕಂತು ಮಾತ್ರ; ಬಡ್ಡಿಗೆ ಆ ಸುದ್ದಿ ಮುಟ್ಟುವುದಿಲ್ಲ.

"ಹಾಗಾದ್ರೆ ಸೆಟಲ್‌ಮೆಂಟ್ ಅನ್ನೋದೇ ಸುಳ್ಳಾ ಸಾರ್?" ಎಂದು ಏಜೆಂಟ್ ಮುನಿಸಿಕೊಂಡಾನು. ಸುಳ್ಳಲ್ಲ. ಬ್ಯಾಂಕುಗಳು ರಾಜಿಗೆ ಬರುವುದುಂಟು. ಆದರೆ ಒಪ್ಪುವುದು, ಬಿಡುವುದು ಅವುಗಳಿಗೆ ಸೇರಿದ್ದು. ಯಾವ ಮಧ್ಯವರ್ತಿಯೂ ಖಾತರಿ ಕೊಡಲಾರ. ಹಾಗೆ ಮುಗಿದ ಸಾಲ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂಬ ಕಲೆಯಾಗಿ ಕೂರುತ್ತದೆ, ಅದನ್ನು ಏಜೆಂಟ್ ಹೇಳುವುದಿಲ್ಲ. ರಾಜಿಯ ಅರ್ಜಿಯನ್ನು ಸಾಲಗಾರನೇ ಬರೆದು ಬ್ಯಾಂಕಿಗೆ ಕೊಡಬಹುದು. ಬ್ಯಾಂಕಿನ ನಡೆ ಸರಿಯಿಲ್ಲ ಎನಿಸಿದರೆ ಮೊದಲು ಅದಕ್ಕೇ ದೂರು ಕೊಡಬೇಕು; ಆ ದೂರಿಗೆ ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ.