ಕದ್ದ ಚಿತ್ತಾರವೋ, ಕಲಿತ ಚಿತ್ತಾರವೋ?

ಅಲ್ಲಾ ರೀ, ಜರ್ಮನಿಯ ಮೈಸೆನ್ ಪಿಂಗಾಣಿ ಅಂದರೆ ಜಪಾನಿನ ನಕಲು ಅಂತ ಮೂಗು ಮುರಿಯೋರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಲೆ ಮೇಲೆ ಏನೂ ಇಟ್ಟು ಬಂದಿಲ್ಲ ತಾನೆ? ಹಾಗಾದರೆ ಕೇಳಿ.

ಜಪಾನಿನ ಕ್ಯೂಶು ದ್ವೀಪದ ಅರಿತಾ ಊರಲ್ಲಿ ಕಾಕಿಎಮೊನ್ ಅನ್ನೋ ಕುಂಬಾರ ಮನೆತನ. ಹದಿನೇಳನೆಯ ಶತಮಾನದಿಂದ ಅವರ ಹೆಸರಲ್ಲಿ ಬಂದ ಪಾತ್ರೆಗಳ ಚೆಂದ ಏನು ಹೇಳಲಿ! ಅಕ್ಕಚ್ಚಿನಂಥ ಬಿಳುಪು. ಅದರ ಒಂದು ಮಗ್ಗುಲಲ್ಲಿ ಕೆಂಪು, ಹಸಿರು, ನೀಲಿಯಲ್ಲಿ ಹೂವಿನ ರೆಂಬೆ, ಕೆಳಗೆ ಜೋಡಿ ಲಾವಕ್ಕಿ. ಉಳಿದದ್ದೆಲ್ಲ ಖಾಲಿ. ಆ ಖಾಲಿ ಜಾಗದಿಂದಲೇ ಹಕ್ಕಿಗೆ ಜೀವ. ಚೀನಾದಲ್ಲಿ ಮಿಂಗ್ ಅರಸರು ಬಿದ್ದು ಅಲ್ಲಿಯ ಸರಕು ಬರೋದು ಕಡಿಮೆಯಾದಾಗ ಡಚ್ ವ್ಯಾಪಾರಿಗಳು ಜಪಾನಿನ ಪಿಂಗಾಣಿಯನ್ನು ನಾಗಸಾಕಿಯಿಂದ ಹಡಗಿಗೇರಿಸಿದರು.

ಇತ್ತ ಜರ್ಮನಿಯ ಸ್ಯಾಕ್ಸನಿಯ ದೊರೆ ಆಗಸ್ಟಸ್‌ಗೆ ಪಿಂಗಾಣಿ ಅಂದರೆ ಪ್ರಾಣ. 1710ರಲ್ಲಿ ಮೈಸೆನ್ ಕಾರ್ಖಾನೆ ಶುರು ಮಾಡಿಸಿದ. ಡ್ರೆಸ್ಡೆನ್‌ನಲ್ಲಿದ್ದ ತನ್ನ ಸಂಗ್ರಹದ ಜಪಾನಿ ಪಾತ್ರೆಗಳನ್ನೇ ಮಾದರಿಗೆ ಕೊಟ್ಟ. ಕೆಲಸಗಾರರು ಒಂದೊಂದು ಎಲೆಯನ್ನೂ ನೋಡಿ ನೋಡಿ ಬರೆದರು.

ಕಿತಾಪತಿ ಆಗಿದ್ದು ಆಮೇಲೆ. ಪ್ಯಾರಿಸ್ಸಿನ ವ್ಯಾಪಾರಿ ಲೆಮೇರ್ 1729ರಲ್ಲಿ ಬಂದು, ಜಪಾನಿ ಮಾದರಿಯ ಪಾತ್ರೆ ಮಾಡಿಕೊಡಿ, ನಿಮ್ಮ ಗುರುತು ಮಾತ್ರ ಬೇಡ ಅಂದ. ಮೈಸೆನ್ ಗುರುತು ಅಂದರೆ ಅಡ್ಡಡ್ಡ ಹಾಕಿದ ಎರಡು ನೀಲಿ ಕತ್ತಿ. ಅದನ್ನು ಗಾಜಿನಂಥ ಲೇಪದ ಕೆಳಗೆ ಬರೆದರೆ ಉಜ್ಜಿದರೂ ಹೋಗದು. ಮೇಲೆ ಬರೆದರೆ ಕೆರೆದು ತೆಗೆಯಬಹುದು. ಕೊನೆಗೆ ಗುರುತನ್ನು ಮೇಲೆಯೇ ಬರೆಸಿಕೊಂಡ. ಅಸಲಿ ಜಪಾನಿ ಮಾಲು ಅಂತ ಪ್ಯಾರಿಸ್ಸಲ್ಲಿ ಮಾರೋ ಹುನ್ನಾರ. ದೊರೆಯ ಮಂತ್ರಿ ಹೋಯ್ಮ್ ಬೆಂಬಲಕ್ಕಿದ್ದ. 1731ರಲ್ಲಿ ಗುಟ್ಟು ರಟ್ಟಾಯಿತು. ವ್ಯಾಪಾರಿಯನ್ನು ರಾಜ್ಯದಿಂದಲೇ ಓಡಿಸಿದರು, ಮಂತ್ರಿಯ ಪದವಿ ಹೋಯಿತು, ಮಾಲು ದೊರೆಯ ಸಂಗ್ರಹ ಸೇರಿತು.

ಈಗ ಹೇಳಿ, ತಪ್ಪು ಯಾರದು? ಬರೆದ ಕೈಗಳದ್ದಂತೂ ಅಲ್ಲ. ಜಪಾನಿ ಹೂ ಬರೆದು ಕೈ ಪಳಗಿಸಿಕೊಂಡ ಅದೇ ಕಾರ್ಖಾನೆ ಮುಂದೆ ತನ್ನ ನಾಡಿನ ಹೂಗಳನ್ನೂ ಪಿಂಗಾಣಿ ಮೇಲೆ ಅರಳಿಸಿತು. ಫ್ರಾನ್ಸಿನ ಶಾಂಟಿಯಿ, ಇಂಗ್ಲೆಂಡಿನ ಚೆಲ್ಸಿಗಳೂ ಕಾಕಿಎಮೊನ್ ಚಿತ್ತಾರ ನೋಡಿ ಬರೆದವೇ. ನೋಡಿ ಬರೆಯೋದು ವಿದ್ಯೆ. ಮಾಡಿದವರ ಗುರುತು ಅಳಿಸಿ ಮಾರೋದು ಮೋಸ.

ನಿಮ್ಮ ಮಗಳು ಯಾರದೋ ಚಿತ್ರ ನೋಡಿ ಬರೆದರೆ ಗದರಬೇಡಿ. ಯಾರದನ್ನು ನೋಡಿ ಬರೆದದ್ದು ಅಂತ ಕೆಳಗೆ ಬರೆದು, ತನ್ನ ಹೆಸರನ್ನೂ ಹಾಕೋಕೆ ಹೇಳಿಕೊಡಿ.