ಬೀಗದ ಕೈ ಇಟ್ಟುಕೊಂಡವರ ಸನ್ನಿಧಾನಕ್ಕೆ

ಮಾನ್ಯರೇ,

ಉಭಯಕುಶಲೋಪರಿ ಸಾಂಪ್ರತ. ಇತ್ತ ನಾವು ಹದಿನಾಲ್ಕು ಜನ ಗೇಟಿನ ಹೊರಗೆ ಕ್ಷೇಮ. ಅತ್ತ ತಾವು ಬೀಗದ ಕೈ ಸಮೇತ ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ. ತಮ್ಮ ಹೆಸರಾಗಲಿ ಹುದ್ದೆಯಾಗಲಿ ನನಗೆ ಗೊತ್ತಿಲ್ಲ. ನಿನ್ನೆ ಭಾನುವಾರ ಬೆಳಿಗ್ಗೆ ಆರೂಕಾಲರಿಂದ ಒಂಬತ್ತರವರೆಗೆ ಏಳು ಜನಕ್ಕೆ ಫೋನ್ ಮಾಡಿ ತಮ್ಮ ಗುರುತು ವಿಚಾರಿಸಿದೆ. ಏಳೂ ಜನ ಬೀಗದ ಕೈ ಬೇರೆ ಕಡೆ ಇದೆ ಅಂದರು. ಹಾಗಾಗಿ ಈ ಬಹಿರಂಗ ಪತ್ರ. ಬಹಿರಂಗದಲ್ಲೇ ನಿಂತು ಕಾದವನಿಗೆ ಬೇರೆ ಥರದ ಪತ್ರ ಬರೆಯಲು ಬರುವುದಿಲ್ಲ.

ನಮ್ಮ ಪರಿಚಯ ಹೇಳಿಬಿಡುತ್ತೇನೆ. ಬೆಂಗಳೂರಿನ ದಂಡು ಪ್ರದೇಶದ ಒಂದು ಭಾನುವಾರದ ಫುಟ್‌ಬಾಲ್ ತಂಡ ನಮ್ಮದು. ವಾರವಿಡೀ ಹೊಟ್ಟೆಪಾಡು, ಭಾನುವಾರ ಏಳಕ್ಕೆ ಕಾಲ್ಚೆಂಡು, ಒಂಬತ್ತಕ್ಕೆ ಖಾಲಿ ದೋಸೆ. ನಮ್ಮ ಗೋಲಿ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರಿ. ಬೆಳಗಿನ ಜಾವದ ವ್ಯಾಪಾರ ಮುಗಿಸಿ ನೇರ ಮೈದಾನಕ್ಕೆ ಬರುತ್ತಾನೆ, ಪೆನಾಲ್ಟಿ ಹೊಡೆಯಲು ನಿಂತವನ ಮೂಗಿಗೆ ಸೇವಂತಿಗೆ ವಾಸನೆ ಬಡಿಯುತ್ತದೆ. ಸೆಂಟರ್ ಫಾರ್ವರ್ಡ್ ಸಾಲ ವಸೂಲಿ ಕೆಲಸದವನು. ಊರವರ ಬಾಕಿಯೆಲ್ಲ ವಸೂಲಿ ಮಾಡುತ್ತಾನೆ, ಗೋಲೊಂದು ಬಿಟ್ಟು. ಸಾಫ್ಟ್‌ವೇರಿನವನೊಬ್ಬ ಇದ್ದಾನೆ, ಡ್ಯೂಟಿ ಇರುವ ವಾರ ಲ್ಯಾಪ್‌ಟಾಪನ್ನು ಗೋಲಿನ ಬಲೆಯ ಹಿಂದೆ ತೆರೆದಿಟ್ಟು ಆಡುತ್ತಾನೆ. ನಾನು ನಲವತ್ತಾರು ವಯಸ್ಸಿನ ರೈಟ್ ಬ್ಯಾಕ್. ಓಡಲು ಆಗುವುದಿಲ್ಲವೆಂದು ಮ್ಯಾನೇಜರ್ ಮಾಡಿದ್ದಾರೆ. ಮ್ಯಾನೇಜರ್ ಅಂದರೆ ಮೈದಾನ ಗೊತ್ತುಮಾಡುವವನು. ಓಡಲಾರದವನನ್ನು ಕಚೇರಿಯಿಂದ ಕಚೇರಿಗೆ ಓಡಿಸುವ ಹುದ್ದೆ.

ನಮ್ಮ ಲೀಗಿನಲ್ಲಿ ಹನ್ನೆರಡು ತಂಡ, ಒಂದೊಂದಕ್ಕೆ ಹನ್ನೊಂದು ಪಂದ್ಯ. ಮೊದಲ ಪಂದ್ಯ 7-0. ಏಳು ಅವರದು, ಸೊನ್ನೆ ನಮ್ಮದು. ಎರಡನೆಯದಕ್ಕೆ ಎದುರಾಳಿಗಳು ಆರೇ ಜನ ಬಂದರು. ಯಾವ ತಂಡದಲ್ಲೂ ಏಳಕ್ಕಿಂತ ಕಡಿಮೆ ಜನ ಇದ್ದರೆ ಪಂದ್ಯ ಶುರುಮಾಡುವಂತಿಲ್ಲ ಅನ್ನುತ್ತದೆ ಆಟದ ಮೂರನೇ ನಿಯಮ. ಹನಿ ಬೆವರಿಲ್ಲದೆ 3-0 ಗೆದ್ದೆವು. ಅವರ ಏಳನೆಯವನು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ, ಹತ್ತು ನಿಮಿಷ ಕೇಳಿದರು. ನಾವು ಕೊಡಲಿಲ್ಲ. ನಿಯಮ ನಿಯಮವೇ ಅಂದವನು ನಾನೇ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ತಲೆಯ ಮೇಲೇ ಬೀಳುತ್ತದೆ. ಮೂರನೆಯದು ಮಳೆಯಲ್ಲಿ ಡ್ರಾ.

ಆಮೇಲೆ ಮಣಿಪುರದ ಹುಡುಗ ಬಂದ. ಹೋಟೆಲೊಂದರ ಅಡಿಗೆಮನೆಯಲ್ಲಿ ಕೆಲಸ, ವಯಸ್ಸು ಇಪ್ಪತ್ಮೂರು. ಮೈದಾನದ ಪಕ್ಕ ಚಹಾ ಕುಡಿಯುತ್ತ ನಮ್ಮ ಆಟ ನೋಡಿ ನಗುತ್ತಿದ್ದ. ನಗುವವನನ್ನೇ ಒಳಗೆ ಕರೆದೆವು. ಚೆಂಡು ಅವನ ಕಾಲಿಗೆ ಸಿಕ್ಕಿದ ಮೇಲೆ ನಮ್ಮ ಉಳಿದ ಹತ್ತು ಜನದ ಕೆಲಸ ಅಡ್ಡ ಬರದೆ ನಿಲ್ಲುವುದು. ಸಾಲಾಗಿ ನಾಲ್ಕು ಪಂದ್ಯ ಗೆದ್ದೆವು. ನಾಲ್ಕನೆಯದು ಗೆದ್ದ ದಿನ ನಮ್ಮ ವಸೂಲಿಯವನು ಎಲ್ಲರಿಗೂ ದೋಸೆ ಕೊಡಿಸಿದ; ಅವನ ಕೈಯಿಂದ ದುಡ್ಡು ಹೊರಗೆ ಬಂದದ್ದನ್ನು ಕಂಡವರು ಅದೇ ಮೊದಲು. ನಾನೂ ಸ್ವಲ್ಪ ಬೀಗಿದ್ದುಂಟು. ತಂತ್ರಗಾರಿಕೆ ಅಂತೆಲ್ಲ ಮಾತಾಡಿದೆ. ಆಗ ಹೋಟೆಲಿನವರು ಅವನ ವಾರದ ರಜೆಯನ್ನು ಭಾನುವಾರದಿಂದ ಸೋಮವಾರಕ್ಕೆ ಬದಲಿಸಿದರು. ಮೂರು ಪಂದ್ಯ ಸೋತೆವು. ನಮ್ಮ ಸೀಸನ್ನಿನ ಏರಿಳಿತಕ್ಕೆ ಇದಕ್ಕಿಂತ ಗಹನವಾದ ಕಾರಣ ಹುಡುಕಬೇಡಿ.

ಹತ್ತು ಪಂದ್ಯಕ್ಕೆ ಹದಿನಾರು ಅಂಕ. ಕೊನೆಯ ಪಂದ್ಯ ಡ್ರಾ ಆದರೂ ಸಾಕು, ಮೊದಲ ನಾಲ್ಕರಲ್ಲಿ ನಾವು, ಸೆಮಿಫೈನಲ್. ಆತಿಥೇಯರೂ ನಾವೇ, ಅಂದರೆ ಮೈದಾನ ಒದಗಿಸುವ ಹೊಣೆ ನಮ್ಮದು. ಹೀಗೆ ತಮ್ಮ ಪ್ರವೇಶ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಸಂಬಂಧಪಟ್ಟ ಕಚೇರಿಗೆ ಹೋದೆ. ಸಾಹೇಬರು ಊಟಕ್ಕೆ ಹೋಗಿದ್ದರು, ಊಟದಿಂದ ಮೀಟಿಂಗಿಗೆ ಹೋದರು, ಮೀಟಿಂಗಿನಲ್ಲಿ ಕಾಫಿ ಇತ್ತಂತೆ. ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆ. ನಮ್ಮ ಪಂದ್ಯ ಇರುವುದೇ ಒಂದು ಗಂಟೆ; ಅಷ್ಟು ಹೊತ್ತಿನಲ್ಲಿ ಎರಡು ಪಂದ್ಯ ಆಡಿ ಎರಡನ್ನೂ ಸೋಲಬಹುದಿತ್ತು. ಅರ್ಜಿಯಲ್ಲಿ ‘ಉದ್ದೇಶ’ ಎಂಬಲ್ಲಿ ‘ಫುಟ್‌ಬಾಲ್ ಆಡಲು’ ಅಂತ ಬರೆದಿದ್ದೆ. ಗುಮಾಸ್ತರು “ಇನ್ನೂ ಸ್ವಲ್ಪ ವಿವರವಾಗಿ ಬರೀರಿ ಸಾರ್” ಅಂದರು. ‘ಚೆಂಡನ್ನು ಕಾಲಿನಿಂದ ಒದೆಯಲು’ ಎಂದು ಸೇರಿಸಿದೆ. ಸೀಲು ಬಿತ್ತು. 2,500 ರೂಪಾಯಿ ಕಟ್ಟಿಸಿಕೊಂಡು ರಶೀದಿ ಕೊಟ್ಟರು. “ಇದನ್ನ ತೋರಿಸಿ, ಸಾಕು” ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಅದು ನನ್ನ ತಪ್ಪು.

ನಿನ್ನೆ ಬೀಗಕ್ಕೆ ತೋರಿಸಿದೆ. ಓದಿಕೊಂಡ ಹಾಗೆ ಕಾಣಲಿಲ್ಲ.

ವಾಚ್‌ಮನ್‌ಗೆ ಫೋನ್ ಮಾಡಿದೆ. ಅವರು ಕುಣಿಗಲ್ ಕಡೆ ತಂಗಿ ಮದುವೆಯ ಬೀಗರ ಊಟಕ್ಕೆ ಹೋಗಿದ್ದರು. ಬೀಗ ನಮಗೆ, ಬೀಗರ ಊಟ ಅವರಿಗೆ. ತಪ್ಪೆನ್ನಲಾರೆ, ಮುದ್ದೆ, ಮಟನ್ ಸಾರು ಬಿಟ್ಟು ಗೇಟು ತೆಗೆಯಲು ಬರುವವನು ಮನುಷ್ಯನೇ ಅಲ್ಲ. ಬೀಗದ ಕೈಯನ್ನು ಸೂಪರ್‌ವೈಸರ್‌ಗೆ ಕೊಟ್ಟಿದ್ದೇನೆ ಅಂದರು. ಸೂಪರ್‌ವೈಸರ್ ಅದನ್ನು ಕಂಟ್ರಾಕ್ಟರ್‌ಗೆ ಕೊಟ್ಟಿದ್ದರು. ಕಂಟ್ರಾಕ್ಟರರ ಫೋನಿನಲ್ಲಿ ಒಂದು ಭಕ್ತಿಗೀತೆ ಇದೆ, ನನಗೀಗ ಪೂರ್ತಿ ಬಾಯಿಪಾಠ. ಆರನೇ ಸಲಕ್ಕೆ ಎತ್ತಿ, ಅದು ಆಫೀಸಿನಲ್ಲಿದೆ, ಆಫೀಸಿಗೆ ಇವತ್ತು ರಜ ಅಂದರು. ಆಫೀಸಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದೆ. ಫೋನ್ ಇಟ್ಟರು. ಉಳಿದ ನಾಲ್ಕು ಜನದ ವಿಷಯ ಬೇಡ. ಅವರಲ್ಲಿ ಒಬ್ಬರು ನಿದ್ದೆಗಣ್ಣಲ್ಲಿ ನನ್ನನ್ನು ಹಾಲಿನವನು ಅಂದುಕೊಂಡು ನಾಳೆಯಿಂದ ಅರ್ಧ ಲೀಟರ್ ಸಾಕು ಅಂದರು.

ಫುಟ್‌ಬಾಲಿನಲ್ಲಿ ಗೋಲಿಯನ್ನು ಬಿಟ್ಟರೆ ಯಾರೂ ಚೆಂಡಿಗೆ ಕೈ ಹಾಕುವ ಹಾಗಿಲ್ಲ. ಕೈ ಹಾಕಿದರೆ ಫೌಲು. ನಮ್ಮ ಇಡೀ ಸೀಸನ್ನಿಗೆ ಮಣ್ಣು ಹಾಕಿದ್ದು ಒಂದೇ ಒಂದು ಕೈ, ಅದು ಬೀಗದ ಕೈ. ಈ ನಗೆಮಾತನ್ನು ನಿನ್ನೆ ಗೇಟಿನ ಮುಂದೆ ನಾಲ್ಕು ಸಲ ಹೇಳಿದೆ. ಮೊದಲ ಸಲ ಎಲ್ಲರೂ ನಕ್ಕರು. ನಾಲ್ಕನೇ ಸಲಕ್ಕೆ ರೆಫರಿ ಹಳದಿ ಕಾರ್ಡ್ ತೋರಿಸಿದರು.

ಕಾಯುವವರಿಗೆ ಕಥೆ ಹೇಳಲು ಗೋಲಿಯ ತಾತ ಇದ್ದರು. ಗೌತಮಪುರದ ಹಳೆಯ ಆಟಗಾರ. ಗೌತಮಪುರ ಅಂದರೆ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಕೇರಿ. ತಾತ ಶುರುಮಾಡಿದರೆ 1937ಕ್ಕಿಂತ ಈಚೆಗೆ ಇಳಿಯುವುದಿಲ್ಲ. ಆ ವರ್ಷ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು; ಅಲ್ಲಿಯವರೆಗೆ ಆ ಕಪ್ಪನ್ನು ಯಾವ ಭಾರತೀಯ ತಂಡವೂ ಮುಟ್ಟಿರಲಿಲ್ಲ. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ನಮ್ಮ ಊರಿನ ಅಹ್ಮದ್ ಖಾನ್ ಇದ್ದರು, ಸಾರಂಗಪಾಣಿ ರಾಮನ್ ಇದ್ದರು. ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ಕಳೆದುಕೊಂಡು 2-1ರಿಂದ ಸೋತರು. ಭಾರತದ ಆ ಒಂದು ಗೋಲು ರಾಮನ್ ಹೊಡೆದದ್ದು, ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಮೊದಲ ಫುಟ್‌ಬಾಲ್ ಗೋಲು. ಆ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದರು.

“ಬೂಟಿರಲಿಲ್ಲ ಕಣಪ್ಪ, ಮೈದಾನ ಇತ್ತು” ಅಂದರು ತಾತ. ನಾವು ಹದಿನಾಲ್ಕು ಜೊತೆ ಬೂಟುಗಳನ್ನು ನೋಡಿಕೊಂಡೆವು. ಡಾಂಬರು ರಸ್ತೆಯ ಮೇಲೆ ಅವು ಲಟಲಟ ಸದ್ದು ಮಾಡುತ್ತಿದ್ದವು.

ತಾತನ ಎದುರು ಸುಮ್ಮನಿರಲಾರದೆ ಸಾಫ್ಟ್‌ವೇರಿನವನು 2023ರ ಮಾರ್ಚ್ ತೆಗೆದ. ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದದ್ದು, ಹಿಂದೆ 1968-69ರಲ್ಲಿ ಮೈಸೂರು ರಾಜ್ಯವಾಗಿದ್ದಾಗ ಗೆದ್ದ ಮೇಲೆ ಅದೇ ಮೊದಲು. ಮೇಘಾಲಯವನ್ನು 3-2ರಿಂದ ಸೋಲಿಸಿದ ಆ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಗೆಲ್ಲಲು ಅಷ್ಟು ದೂರ ಯಾಕೆ ಹೋಗಬೇಕಾಯಿತು ಅಂತ ನಿನ್ನೆಯವರೆಗೂ ನನಗೆ ಹೊಳೆದಿರಲಿಲ್ಲ. ಅಲ್ಲಿ ಗೇಟು ತೆಗೆದಿತ್ತು.

ನಾನು ಈ ಮೈದಾನದಲ್ಲೇ ಬೆಳೆದವನು ಸ್ವಾಮಿ. ಆಗ ಇದಕ್ಕೆ ಗೇಟೇ ಇರಲಿಲ್ಲ. ಕೆಮ್ಮಣ್ಣು, ಒಂದು ಮೂಲೆಯಲ್ಲಿ ಬೇವಿನ ಮರ, ಬಡಗಣ ಕಡೆಗೆ ಇಳಿಜಾರು. ಟಾಸ್ ಗೆದ್ದವರು ಇಳಿಜಾರಿನ ಕಡೆಗೆ ಆಡುತ್ತಿದ್ದರು. ದನ ಅಡ್ಡ ಬಂದರೆ ಥ್ರೋ-ಇನ್. ಆಮೇಲೆ ಅಭಿವೃದ್ಧಿಯಾಯಿತು. ಎಂಟಡಿ ಎತ್ತರದ ತಂತಿಬೇಲಿ ಬಂತು, ದೀಪದ ಕಂಬ ಬಂತು, ಗೇಟು ಬಂತು, ಗೇಟಿನ ಪಕ್ಕ ಕಪ್ಪು ಗ್ರಾನೈಟಿನ ಫಲಕ ಬಂತು. ‘ಸಾರ್ವಜನಿಕರ ಉಪಯೋಗಕ್ಕಾಗಿ’ ಅಂತ ಕೆತ್ತಿಸಿದ್ದೀರಿ. ನಿಜವೇ. ನಿನ್ನೆ ಎರಡೂವರೆ ಗಂಟೆ ಸಾರ್ವಜನಿಕರು ಆ ಫಲಕಕ್ಕೆ ಒರಗಿ ನಿಲ್ಲಲು ಉಪಯೋಗಿಸಿದೆವು. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯಿದೆಯೊಂದು ಇದೆ. ತಾವು ಅದನ್ನು ಓದಿದ್ದೀರಿ ಅನ್ನಿಸುತ್ತದೆ; ಕಾಪಾಡುವುದು ಅಂದರೆ ಟ್ರಂಕಿನಲ್ಲಿ ರೇಷ್ಮೆ ಸೀರೆ ಕಾಪಾಡಿದಂತೆ ಅಂದುಕೊಂಡಿದ್ದೀರಿ. ಒಳಗೆ ಎರಡು ನಾಯಿಗಳು ಸೆಂಟರ್ ಸರ್ಕಲ್‌ನಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದವು. ಅವಕ್ಕೆ ರಶೀದಿ ಕೊಟ್ಟವರು ಯಾರು?

ಏಳೂವರೆಗೆ ರೆಫರಿ ಗಡಿಯಾರ ತೋರಿಸಿದರು. ಹತ್ತು ನಿಮಿಷ ಕೇಳಿದೆ. ಎದುರು ತಂಡದ ಮ್ಯಾನೇಜರ್ ನನ್ನ ಕಡೆ ನೋಡಿ ನಕ್ಕರು. ಅವರ ತಮ್ಮ ಆ ಎರಡನೇ ಪಂದ್ಯದ ಆರು ಜನರಲ್ಲಿ ಒಬ್ಬನಂತೆ. “ನಿಯಮ ನಿಯಮವೇ ಅಲ್ವಾ ಸಾರ್?” ಅಂದರು. ಮೈದಾನ ಒದಗಿಸದ ಆತಿಥೇಯರಿಗೆ 3-0 ಸೋಲು. ಐದನೇ ಸ್ಥಾನ. ರೆಫರಿಗೆ 500 ರೂಪಾಯಿ ಕೊಟ್ಟು ಕಳಿಸಿದೆವು, ಊದದ ಪೀಪಿಗೆ. ಆಟ ಇಲ್ಲದಿದ್ದರೂ ಬೀಗದ ಕೈ ಸಿಕ್ಕರೆ ಒಳಗೆ ಹೋಗಿ ಒಂದಿಷ್ಟು ಒದ್ದಾಡೋಣ ಅಂತ ಒಂಬತ್ತರವರೆಗೆ ನಿಂತೇ ಇದ್ದೆವು. ನಾಚಿಕೆ ಇಲ್ಲ ಅನ್ನಬಹುದು. ಇಲ್ಲ.

ಇಷ್ಟಕ್ಕೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ದೋಸೆ ತಿಂದು ಮನೆಗೆ ಹೋಗಿ ಹೆಂಡತಿಯ ಹತ್ತಿರ ಬೈಸಿಕೊಂಡು ಮಲಗುತ್ತಿದ್ದೆ. ವಿಷಯ ಏನೆಂದರೆ ಆ ಹುಡುಗ ಬಂದಿದ್ದ. ಹೋಟೆಲಿನಲ್ಲಿ ಕೇಳಿ, ಬೈಸಿಕೊಂಡು, ಒಂದು ದಿನದ ಸಂಬಳ ಬಿಟ್ಟು ಬಂದಿದ್ದ. ರಾತ್ರಿ ಒಂದು ಗಂಟೆಗೆ ಪಾತ್ರೆ ತೊಳೆದು ಮುಗಿಸಿ, ಆರು ಗಂಟೆಗೆ ನನಗಿಂತ ಮೊದಲೇ ಗೇಟಿನ ಮುಂದೆ ಬೂಟಿನ ದಾರ ಕಟ್ಟಿಕೊಂಡು ಕೂತಿದ್ದ. ಆ ದುಡ್ಡು ತಂಡದ ಲೆಕ್ಕದಿಂದ ಕೊಡುತ್ತೇವೆ ಅಂದರೆ ಬೇಡ ಅಂದ. ಒಂಬತ್ತರ ಹೊತ್ತಿಗೆ ದಾರ ಬಿಚ್ಚಿದ. ಬೂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಹರಕು ಕನ್ನಡದಲ್ಲಿ “ಅಣ್ಣಾ, ಮುಂದಿನ ವರ್ಷ” ಅಂದು ಹೊರಟ.

ಅವನಿಗೆ ಏನು ಹೇಳಲಿ? ಹೇಳ್ರೀ! ಬೀಗರ ಊಟದ ಕಥೆ ಹೇಳಲಾ? ಒಂದು ಕಬ್ಬಿಣದ ತುಂಡು, ಕಿರುಬೆರಳಿನಷ್ಟಿಲ್ಲ, ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪಾಸು ಕೊಡುತ್ತ ಕೂತಿದ್ದೀರಿ. ನಮ್ಮ ತಂಡ ಇಡೀ ಸೀಸನ್ನಿನಲ್ಲಿ ಅಷ್ಟು ಒಳ್ಳೆಯ ಪಾಸು ಕೊಟ್ಟಿಲ್ಲ. ದುಡ್ಡು ತಗೊಂಡ ಮೇಲೆ ಗೇಟು ತೆಗೆಯಬೇಕು. ಇದಕ್ಕೆ ಕಾಯಿದೆ ಓದಬೇಕಾಗಿಲ್ಲ, ಗೂಡಂಗಡಿ ಇಟ್ಟವನಿಗೂ ಗೊತ್ತು.

ಕ್ಷಮಿಸಿ. ತಾವು ಅನ್ನುತ್ತಿದ್ದವನು ನೀವು ಅನ್ನುವುದಕ್ಕೆ ಇಳಿದಿದ್ದೇನೆ. ಇನ್ನೊಂದು ಮೆಟ್ಟಿಲು ಬಾಕಿ ಇದೆ. ಅಲ್ಲಿಗೆ ಇಳಿಸಬೇಡಿ.

2,500 ರೂಪಾಯಿ ವಾಪಸು ಕೊಡಿ ಅಂತ ಕೇಳುತ್ತಿಲ್ಲ. ಅದಕ್ಕೆ ಮತ್ತೊಂದು ಅರ್ಜಿ, ಮತ್ತರ್ಧ ದಿನ ರಜೆ, ಮತ್ತದೇ ಬೆಂಚು. ‘ಉದ್ದೇಶ’ ಎಂಬಲ್ಲಿ ಏನು ಬರೆಯುತ್ತೇನೋ ನನಗೇ ಭರವಸೆ ಇಲ್ಲ. ಕೇಳುವುದು ಇಷ್ಟು: ಶನಿವಾರ ಸಂಜೆ ಬೀಗದ ಕೈಯನ್ನು ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಬಿಟ್ಟುಹೋಗಿ. ಆ ಅಂಗಡಿಯಜ್ಜಿ ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುತ್ತಾರೆ, ಮೂವತ್ತು ವರ್ಷದಿಂದ, ಒಂದು ದಿನ ತಪ್ಪಿಸಿಲ್ಲ. ಬೀಗರ ಊಟ ಇದ್ದರೂ ಮುಗಿಸಿಕೊಂಡೇ ಬಂದು ತೆಗೆಯುತ್ತಾರೆ.

ಇತಿ,
ಗೇಟಿನ ಹೊರಗಿನ ರೈಟ್ ಬ್ಯಾಕ್

ವಿ.ಸೂ.: ಕಾಯುತ್ತಿದ್ದಾಗ ಬೇಸರ ತಡೆಯಲಾರದೆ ನಮ್ಮ ಸೆಂಟರ್ ಫಾರ್ವರ್ಡ್ ರಸ್ತೆಯಿಂದಲೇ ಚೆಂಡನ್ನು ಜಾಡಿಸಿ ಒದ್ದ. ಅದು ಬೇಲಿ ದಾಟಿ, ಎರಡು ಪುಟ ನೆಗೆದು, ನಾಯಿಗಳ ನಡುವೆ ಹಾದು, ನೇರ ಗೋಲಿನೊಳಗೆ ಹೋಗಿ ಕೂತಿತು. ಈ ಸೀಸನ್ನಿನಲ್ಲಿ ಅವನು ಹೊಡೆದ ಒಂದೇ ಗೋಲು. ಲೆಕ್ಕಕ್ಕೆ ಬರುವುದಿಲ್ಲ ಅಂದರು ರೆಫರಿ. ಚೆಂಡು ಇನ್ನೂ ಅಲ್ಲೇ ಇದೆ, ಬಡಗಣ ಕಡೆಯ ಗೋಲಿನಲ್ಲಿ, ಎಡಗಂಬದ ಹತ್ತಿರ. ಐದನೇ ಸೈಜಿನದು, ನೀಲಿ-ಬಿಳಿ, 1,150 ರೂಪಾಯಿ. ಗೇಟು ತೆಗೆದ ದಿನ ದಯವಿಟ್ಟು ಎತ್ತಿ ಹೊರಗೆ ಹಾಕಿ. ಕೈಯಿಂದಲೇ ಎತ್ತಬಹುದು, ಫೌಲು ಅನ್ನುವುದಿಲ್ಲ.