ಚತುರ್ಥಿಗೆ ಇಳಿದವರು

ಮೂರು ತಿಂಗಳು ಮೀರಿಯೂ ಬಿಡದ ನೋವಿಗೆ ವೈದ್ಯರು ದೀರ್ಘಕಾಲದ ನೋವು ಎಂದು ಹೆಸರಿಟ್ಟಿದ್ದಾರೆ. ಅಷ್ಟರಲ್ಲಿ ನೋವುಂಡವರ ಹೆಸರೂ ಬದಲಾಗಿರುತ್ತದೆ. ಬರೀ ಮೇಷ್ಟ್ರಾಗಿದ್ದವರು ಸೊಂಟನೋವಿನ ಮೇಷ್ಟ್ರಾಗಿರುತ್ತಾರೆ. ವ್ಯಾಕರಣವೂ ಕೈಕೊಡುತ್ತದೆ. ‘ನಾನು ನಡೆದೆ, ನಾನು ಎತ್ತಿದೆ’ ಎಂದು ಪ್ರಥಮಾ ವಿಭಕ್ತಿಯಲ್ಲಿ ಮೆರೆದವರು ‘ನನಗೆ ಸೊಂಟನೋವು’ ಎಂದು ಚತುರ್ಥಿಗೆ ಇಳಿಯುತ್ತಾರೆ. ಹೈದರಾಬಾದಿನ ಕನ್ನಡಿಗರಂತೂ ಮೂರು ಭಾಷೆಯಲ್ಲಿ ಇಳಿಯಬೇಕು: ಮನೆಯಲ್ಲಿ ‘ನನಗೆ’, ತರಕಾರಿ ಅಂಗಡಿಯಲ್ಲಿ ‘ನಾಕು’, ಆಟೋದವನ ಹತ್ತಿರ ‘ಮೇರೇಕು’. ಮೂರರಲ್ಲೂ ಕರ್ತೃವಿನ ಪಟ್ಟ ನೋವಿಗೇ.

ಈ ನೋವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಸೊಂಟಪಟ್ಟಿಯ ವಿಷಯದಲ್ಲಿ ದೊಡ್ಡ ರಾಜಕೀಯವೇ ನಡೆಯುತ್ತದೆ. ಮದುವೆಮನೆಯಲ್ಲಿ ಅದು ಅಂಗಿಯ ಒಳಗೆ. ಅಮೀರ್‌ಪೇಟೆಯಲ್ಲಿ ಕಿಕ್ಕಿರಿದ ಮೆಟ್ರೊ ಹತ್ತುವಾಗ ಅಂಗಿಯ ಮೇಲೆ. ಯಾರೂ ಎದ್ದು ಜಾಗ ಕೊಡದಿದ್ದರೆ ಸಿಟ್ಟು, ಕೊಟ್ಟರೆ ಅದಕ್ಕಿಂತ ಹೆಚ್ಚು ಸಿಟ್ಟು. ಕಾಚಿಗುಡದ ಕನ್ನಡ ಸಭೆಗಳಲ್ಲಿ ನಿನ್ನೆಯವರೆಗೆ ಕುರ್ಚಿ ಹೊತ್ತವರಿಗೆ ಇಂದು ಹುಡುಗರೇ ಕುರ್ಚಿ ತಂದು ಹಾಕುತ್ತಾರೆ. ಮುಖ್ಯ ಅತಿಥಿಗೆ ಸಲ್ಲುವ ಈ ಮರ್ಯಾದೆ ಹಾರವಿಲ್ಲದೆ ಬಂದಾಗ ಎದೆಗೆ ಚುಚ್ಚುತ್ತದೆ. ಚಾರ್‌ಮಿನಾರ್ ನೋಡಲು ಬಂದ ನೆಂಟರನ್ನು ಮೆಟ್ಟಿಲು ಹತ್ತಿಸಿ ಕಳಿಸಿ, ಕೆಳಗೆ ಇರಾನಿ ಚಹಾ ಕುಡಿಯುತ್ತ ‘ನಾನು ಎಷ್ಟು ಸಲ ಹತ್ತಿಲ್ಲ’ ಎಂದು ಪ್ರಥಮೆಗೆ ಮರಳಬಹುದು, ಅದೂ ಭೂತಕಾಲದಲ್ಲಿ ಮಾತ್ರ.

ನೋವಿನ ಮದ್ದಿಗೂ ಈ ಊರಿಗೂ ಹಳೆಯ ನಂಟು. ಕ್ಲೋರೊಫಾರ್ಮಿನಿಂದ ಸಾವು ಹೇಗಾಗುತ್ತದೆಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ಸರ್ಜನ್ ಎಡ್ವರ್ಡ್ ಲಾರಿಯ ಮುಂದಾಳತ್ವದಲ್ಲಿ, ನಿಜಾಮರ ಖರ್ಚಿನಲ್ಲಿ, ಎರಡು ಆಯೋಗಗಳು ಇಲ್ಲಿ ಕೂತವು. ಆದರೆ ಕ್ಲೋರೊಫಾರ್ಮ್ ನೋವಿನ ಜೊತೆಗೆ ‘ನಾನು’ವನ್ನೂ ಮಲಗಿಸುತ್ತದೆ; ಎದ್ದು ಕಚೇರಿಗೆ ಹೋಗಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ.

ಈಗಿನ ವೈದ್ಯರು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೇಳುತ್ತಾರೆ. ಎಂಟು ಎಂದರೆ ನಾಟಕವೆಂದಾರು, ನಾಲ್ಕು ಎಂದರೆ ಬರೀ ಮುಲಾಮು ಕೊಟ್ಟಾರು. ಸುಲ್ತಾನ್ ಬಜಾರಿನಲ್ಲಿ ಕಲಿತ ಚೌಕಾಸಿ ಇಲ್ಲಿ ಒದಗಿ, ಆರಕ್ಕೆ ವ್ಯವಹಾರ ಕುದುರುತ್ತದೆ.

ಅಪಾಯವಿರುವುದು ನೋವು ತಗ್ಗಿದ ದಿನ. ಖೈರತಾಬಾದಿನ ಮಹಾಗಣಪನನ್ನು ಎತ್ತಲು ಕ್ರೇನ್ ಇದೆ. ಅಪಾರ್ಟ್‌ಮೆಂಟಿನ ಗಣಪನನ್ನು ಟ್ರಾಲಿಗೆ ಏರಿಸಲು ಮನುಷ್ಯರೇ ಬೇಕು. ‘ಸರಿ, ನಾನು ಹಿಡಿಯುತ್ತೇನೆ’ ಎಂದು ಹಳೆಯ ಕರ್ತೃ ತೋಳೇರಿಸುತ್ತಾನೆ. ಗಣಪ ಹುಸೇನ್ ಸಾಗರಕ್ಕೆ ಹೋಗುತ್ತಾನೆ, ಎತ್ತಿದವರು ಹಾಸಿಗೆಗೆ. ಊರಿಗೆಲ್ಲ ಹಬ್ಬ ಮುಗಿದ ಮರುದಿನ ಅವರಿಗೆ ಮತ್ತೆ ಚತುರ್ಥಿ.